ಕಾಂಕ್ರೀಟಿನಲ್ಲಿ ತಿಮ್ಮರಾಯಪ್ಪ

"ಇಷ್ಟ್ ವರ್ಷ ಬಾಯಾಗೆ ಎತ್ತದ ಹೆಸ್ರ ಈಗ ಕಾಲಾಗೆ ತುಳಿ ಅಂತೀರಾ? ನನ್ ಕೈಲಾಗಲ್ಲ ಬುಡಿ," ಎಂದು ರಾಮಲಕ್ಷ್ಮಮ್ಮ ಬಾಗಿಲಲ್ಲೇ ನಿಂತುಬಿಟ್ಟರು.

"ಹೆಸರೆಲ್ಲಿ ಬಂತಮ್ಮಿ, ಅದು ಸಿಮೆಂಟು," ಎಂದರು ಗಂಡ ತಿಮ್ಮರಾಯಪ್ಪ.

"ಸಿಮೆಂಟು ಅಂತ ಬರೆಸಿದ್ರೆ ತುಳೀತಿದ್ದೆ."

ಕಾರ್ಖಾನೆಯಲ್ಲಿ ಸೂಪರ್‌ವೈಸರಾಗಿ ನೂರಾರು ಜನರ ಬಾಯಿ ಮುಚ್ಚಿಸಿ ರಿಟೈರಾದ ಮನುಷ್ಯ ಮನೆಯ ಬಾಗಿಲಲ್ಲಿ ಸುಮ್ಮನೆ ತಲೆ ಕೆರೆದುಕೊಂಡರು.

ಇದಕ್ಕೆಲ್ಲ ಮೂಲ ಪಕ್ಕದ ಮನೆಯ ಲಕ್ಷ್ಮೀಪತಿ. ಆತ ಗೇಟಿನಿಂದ ಪೋರ್ಟಿಕೋವರೆಗೆ ಇಟ್ಟಿಗೆ ಅಚ್ಚಿನ ಕಾಂಕ್ರೀಟು ಹಾಕಿಸಿದ ಮೇಲೆ, ತಮಿಳು ಸೀಮೆಯ ಗಡಿಯಲ್ಲಿರುವ ಆಲಸನತ್ತಂ ಬಡಾವಣೆಯಲ್ಲಿ ವಾಕಿಂಗ್ ಹೋಗುವವರೆಲ್ಲ ಅಲ್ಲೇ ನಿಂತು ನೋಡತೊಡಗಿದರು. ಬಡಾವಣೆ ಸಂಘದ ಅಧ್ಯಕ್ಷಗಿರಿಗೆ ಅವನೂ ನಿಂತಿದ್ದ, ಇವರೂ ನಿಂತಿದ್ದರು. ನೆಲದಲ್ಲೇ ಸೋತರೆ ಓಟಿನಲ್ಲಿ ಗೆಲ್ಲುವುದುಂಟೇ? ಮೇಸ್ತ್ರಿ ವೆಂಕಿಯನ್ನು ಕರೆಸಿ, ಬಿರುಕುಬಿಟ್ಟ ಹಳೇ ನೆಲ ಒಡೆಸಿ, ಹೊಸದಾಗಿ ಕಾಂಕ್ರೀಟು ಸುರಿಸಿ, ಕೆಂಪು ಬಣ್ಣ ಹೊಡೆಸಿ, ಅದು ಹಸಿಯಿರುವಾಗಲೇ ತಮ್ಮ ಹೆಸರಿನ ಅಚ್ಚು ಒತ್ತಿಸಿದರು.

"ಯಾವ ಭಾಷೆ ಸಾರ್?" ಎಂದು ಕೇಳಿದ್ದ ವೆಂಕಿ.

ಮನೆಗೆ ಕನ್ನಡ, ಸರ್ಕಾರಿ ಆಫೀಸಿನವರಿಗೆ ತಮಿಳು, ಫ್ಯಾಕ್ಟರಿಯ ಗೆಳೆಯರಿಗೆ ಇಂಗ್ಲಿಷು. ಯಾರಿಗೂ ಬೇಜಾರಾಗದಂತೆ ಮೂರೂ ಇರಲಿ ಎಂದರು. ಒಂದೊಂದು ಅಕ್ಷರವೂ ಮೊರದಷ್ಟಗಲ. ಗೇಟಿನಿಂದ ಮನೆ ಮೆಟ್ಟಿಲವರೆಗೆ, ಈ ಗೋಡೆಯಿಂದ ಆ ಗೋಡೆಗೆ ಬರೀ ತಿಮ್ಮರಾಯಪ್ಪ. ಒಂದು ಪಾದ ಊರಲೂ ಬೇರೆ ಜಾಗವಿಲ್ಲ.

ಅಂದಿನಿಂದ ರಾಮಲಕ್ಷ್ಮಮ್ಮ ಹಿತ್ತಲಲ್ಲಿ ಸ್ಟೂಲು ಹಾಕಿಕೊಂಡು, ಗೋಡೆ ದಾಟಿ, ಲಕ್ಷ್ಮೀಪತಿಯ ಗೇಟಿನಿಂದ ತರಕಾರಿಗೆ ಹೋಗಿಬರತೊಡಗಿದರು. ಇತ್ತ ಗ್ಯಾಸಿನವನು ಸಿಲಿಂಡರನ್ನು ಇಂಗ್ಲಿಷಿನ ಮೇಲೆ ಧಡಧಡ ಉರುಳಿಸಿಕೊಂಡು ಬಂದ. ಎಂದೋ ಇವರಿಂದ ಬೈಸಿಕೊಂಡಿದ್ದ ಹಳೇ ಕೆಲಸಗಾರನೊಬ್ಬ ಕ್ಷೇಮ ವಿಚಾರಿಸಲೆಂದು ಒಂದೇ ವಾರದಲ್ಲಿ ಮೂರು ಸಲ ಬಂದ. ಬಂದಾಗಲೆಲ್ಲ ಚಪ್ಪಲಿಯನ್ನು ಕನ್ನಡದ ಮೇಲೆ ಚೆನ್ನಾಗಿ ಉಜ್ಜಿಯೇ ಒಳಗೆ ಬಂದ.

ತಿಮ್ಮರಾಯಪ್ಪ ಮತ್ತೆ ವೆಂಕಿಗೆ ಫೋನು ಮಾಡಿದರು.

"ಮೇಲೊಂದು ಕೋಟು ಎಳೆದ್ರೆ ಮುಚ್ಚೋಯ್ತದೆ ಸಾರ್," ಎಂದ ವೆಂಕಿ, ಬಂದು ನೋಡಿ.

"ಮುತ್ತೈದೆ ಮುಂದೆ ಗಂಡನ್ ಹೆಸ್ರ ಮುಚ್ಚಾಕ್ತೀನಿ ಅಂತೀಯಲ್ಲೋ!" ರಾಮಲಕ್ಷ್ಮಮ್ಮ ಒಳಗಿನಿಂದ ಕೂಗಿದರು.

"ಸರಿ ಅಕ್ಕಾ, ಹಂಗಾರೆ ಕೆತ್ತಿ ತೆಗೀಲಾ?"

ಅವರು ತಾಳಿ ಹಿಡಿದುಕೊಂಡರು. ವೆಂಕಿ ಕರಣೆ ಹಿಡಿದುಕೊಂಡು ಹೊರಟುಹೋದ.

ಭಾನುವಾರ ಬಂತು. ಚುನಾವಣೆಯ ಸಭೆ ತಮ್ಮ ಪೋರ್ಟಿಕೋದಲ್ಲೇ ಆಗಲಿ ಎಂದು ತಿಮ್ಮರಾಯಪ್ಪ ಮೊದಲೇ ಹಟ ಹಿಡಿದು ಒಪ್ಪಿಸಿದ್ದರು. ಕುರ್ಚಿ ಹಾಕಿಸಿ, ಟೀ ಕಾಯಿಸಿ ಕಾದರು. ಬಂದ ಜನ ಗೇಟಿನ ಹೊರಗೇ ನಿಂತರು.

"ಬನ್ನಿ, ಬನ್ನಿ, ವಾಂಗ ಸಾರ್!"

"ಹೆಂಗೆ ಬರಾದು ತಿಮ್ಮರಾಯಣ್ಣ? ದೊಡ್ಡೋರ ಹೆಸ್ರು. ಅದ್ರಾಗೆ ತಿಮ್ಮರಾಯಸ್ವಾಮಿ ಬೇರೆ ಅವ್ನೆ," ಎಂದರು ಒಬ್ಬ ಹಿರಿಯರು, ಬಗ್ಗಿ ನೆಲ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತ.

ಮರ್ಯಾದೆ ಕೊಡುವವರೆಲ್ಲ ಹೊರಗುಳಿದರು. ಒಳಗೆ ಬಂದು ಟೀ ಕುಡಿಯುತ್ತ ಕುಳಿತವನು ಆ ಹಳೇ ಕೆಲಸಗಾರನೊಬ್ಬನೇ, ಅವನಿಗೋ ಈ ಬಡಾವಣೆಯಲ್ಲಿ ಓಟೇ ಇಲ್ಲ.

"ಬಿಸಿಲಾಗೆ ಯಾಕ್ ನಿಂತ್ಕಂಡ್ರಿ? ನಮ್ಮನೆ ಐತಲ್ಲ!" ಲಕ್ಷ್ಮೀಪತಿ ಪಕ್ಕದಿಂದ ಕರೆದ. ಓಟೂ ಅಲ್ಲೇ ಎಂದಾಗಿ ಸಭೆ ಅತ್ತ ನಡೆಯಿತು.

ಇನ್ನು ಉಳಿದದ್ದು ಒಂದೇ ಆಸೆ. ಎರಡೂ ಕಡೆ ಓಟು ಸಮಸಮ ಎಂದು ಊರೆಲ್ಲ ಮಾತಾಗಿತ್ತು, ರಾಮಲಕ್ಷ್ಮಮ್ಮನ ಒಂದು ಓಟಿನಲ್ಲಿ ಗೆಲ್ಲಬಹುದು. ಆಕೆ ಆಗಲೇ ಸ್ಟೂಲು ಎತ್ತಿಕೊಂಡು ಹಿತ್ತಲಿಗೆ ಹೊರಟಿದ್ದರು.

"ಇವತ್ ಬ್ಯಾಡಮ್ಮಿ! ನನ್ನೆಂಡ್ತಿ ಎದುರಾಳಿ ಮನೆ ಗೋಡೆ ಹಾರ್ಕೊಂಡ್ ಬಂದ್ಲು ಅಂತಾರೆ. ಸ್ಕೂಟರ್ ತೆಗೀತೀನಿ. ಮೆಟ್ಟಿಲಿಂದ್ಲೇ ಹತ್ತಿ ಕೂತ್ಕೊ, ಕಾಲು ತಾಗಲ್ಲ."

ಪಕ್ಕದ ಮನೆಗೆ ಸ್ಕೂಟರು! ರಾಮಲಕ್ಷ್ಮಮ್ಮ ಸೀರೆ ಬಿಗಿದು, ಹಿಂದೆ ಓರೆಯಾಗಿ ಕುಳಿತು, ಎರಡು ಕಾಲನ್ನೂ ಮೇಲೆತ್ತಿಕೊಂಡರು. ಗಾಡಿ ಕನ್ನಡವನ್ನು ದಾಟಿತು. ತಮಿಳಿನ ನಡುಮಧ್ಯೆ ಕೆಮ್ಮಿ, ಗುರ್ರೆಂದು ನಿಂತಿತು.

"ಯಾಕ್ ನಿಲ್ಲಿಸಿದ್ರಿ?"

"ನಾನೆಲ್ ನಿಲ್ಸ್ದೆ? ಅದೇ ನಿಂತೋಯ್ತು. ಇಳಿ, ತಳ್ತೀನಿ."

"ಪ್ರಾಣ ಹೋದ್ರೂ ಇಳೀಯಾಕಿಲ್ಲ!"

ಸ್ಕೂಟರು ಮೆಲ್ಲಗೆ ಎಡಕ್ಕೆ ವಾಲಿತು. ಪಕ್ಕದ ಗೋಡೆಯ ಮೇಲೆ ತಲೆಗಳು ಒಂದೊಂದಾಗಿ ಎದ್ದವು. ತಿಮ್ಮರಾಯಪ್ಪ ಹೊಸ ಚಪ್ಪಲಿಯ ಎಡಗಾಲನ್ನು ತಮ್ಮ ಹೆಸರಿನ ಮೇಲೆ ಊರಿದರು. ಸಾಲಲಿಲ್ಲ. ಬಲಗಾಲನ್ನೂ ಊರಿದರು.