ದೊಡ್ಡಪ್ಪನ ನಾಲ್ಕು ಸಾಕ್ಷಿಗಳು

ನನ್ನ ಗಂಡನ ಅಣ್ಣ, ಅಂದರೆ ನಮ್ಮ ಭಾವ, ಗಡಿಯಾರ ರಿಪೇರಿ ಮಾಡುವವರು, ತಾಳ್ಮೆಗೆ ಹೆಸರಾದವರು. ಅವರಿಗೆ ಸಿಟ್ಟು ನೆತ್ತಿಗೇರುವುದು ಒಂದೇ ಮಾತಿಗೆ. ಅವರ ತಾತ ಹಳೆಯ ಬಟ್ಟೆ ಗಿರಣಿಯಲ್ಲಿ ಗೇಟು ಕಾಯುತ್ತಿದ್ದರು. ಗಿರಣಿಗೆ ಬೆಂಕಿ ಬಿದ್ದ ದಿನ ಅವರು ಕುಡಿದು ಮಲಗಿದ್ದರಂತೆ, ಗೇಟು ತೆರೆಯಲೇ ಇಲ್ಲವಂತೆ. ಗಿರಣಿ ಈಗ ಹೋಟೆಲಾಗಿದೆ. ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಮೊದಲು ಎದುರಾಗುವುದೇ ಈ ಕಥೆ.

ನನ್ನ ಮಗಳು ಕಾಲೇಜಿನ ಇತಿಹಾಸ ಪ್ರಬಂಧಕ್ಕೆ ಆ ಬೆಂಕಿಯನ್ನೇ ಆರಿಸಿಕೊಂಡಳು. ಭಾವ ಅಂಗಡಿಗೆ ಬೀಗ ಜಡಿದು ಮಧ್ಯಾಹ್ನವೇ ಮನೆಗೆ ಬಂದು ಅವಳ ಪಕ್ಕ ಕುರ್ಚಿ ಎಳೆದುಕೊಂಡು ಕೂತರು.

ಅವಳು ಕುಡುಕನ ಕಥೆಯಿದ್ದ ಸೈಟುಗಳನ್ನು ಒಂದೊಂದಾಗಿ ತೆರೆದಳು. ಎಲ್ಲೂ ಬರೆದವರ ಹೆಸರಿಲ್ಲ. ಎಲ್ಲರೂ ಹೋಟೆಲಿನ ಜಾಹೀರಾತಿನಿಂದ ಎತ್ತಿದವರೇ.

"ರೋಚಕವಾಗಿದ್ರೆ ರೂಮು ಬಾಡಿಗೆಗೆ ಹೋಗುತ್ತೆ ಅಂತ ಕಟ್ಟಿದ ಕಥೆ ಇದು. ಯಾರು ನೋಡಿದ್ದು ಅಂತಾನೇ ಇಲ್ಲ," ಎಂದು ಕೈಬಿಟ್ಟಳು.

ಭಾವನ ಮುಖ ಊರಗಲವಾಯಿತು. "ಈಗ ಇದನ್ನ ನೋಡು. ತಾತ ನೂರಾರು ಜನರನ್ನ ಉಳಿಸಿದ್ರು ಅಂತ ನಾಲ್ಕು ಕಡೆ ಇದೆ."

ನಾಲ್ಕು ಕಡೆಯೂ ಒಂದೇ ಫೋಟೊ. ಮಗಳು ಅದನ್ನು ದೊಡ್ಡದು ಮಾಡಿದಳು. ನಾನೂ ಇಣುಕಿದೆ. ನಮ್ಮ ನಡುಮನೆಯಲ್ಲಿ ತೂಗುವ ತಾತನ ಫೋಟೊ ಅದು. ಗಾಜಿನಲ್ಲಿ ನಮ್ಮದೇ ಟ್ಯೂಬ್‌ಲೈಟು, ಅದರಡಿ ಮೊಬೈಲ್ ಹಿಡಿದ ಬೋಳುತಲೆ. ಮದುವೆಯಾಗಿ ಬಂದಾಗಿನಿಂದ ನಾನು ನೋಡುತ್ತಿರುವ ತಲೆ.

"ನಾಲ್ಕೂ ನೀವೇ ಬರೆದಿದ್ದಾ ದೊಡ್ಡಪ್ಪ?"

"ಒಂದೇ ಇದ್ರೆ ಯಾರು ನಂಬ್ತಾರೆ?" ಎಂದರು ಭಾವ, ನೆಲ ನೋಡುತ್ತ.

ನನಗೆ ನಗು ತಡೆಯಲಾಗಲಿಲ್ಲ. ಆಮೇಲೆ ಅವರ ಕಣ್ಣು ನೋಡಿ, ಯಾಕಾದರೂ ನಕ್ಕೆನೋ ಅನ್ನಿಸಿತು.

"ಇದನ್ನೂ ಹಾಕೋಕಾಗಲ್ಲ," ಎಂದಳು ಮಗಳು.

ಭಾವ ಎದ್ದರು. "ಹಾಗಾದ್ರೆ ತಾತ ಕುಡುಕನಾಗೇ ಇರಲಿ ಬಿಡು."

"ಕೂತ್ಕೊಳ್ಳಿ. ಬೆಂಕಿನ ನೀವು ನೋಡಿಲ್ಲ. ತಾತನ್ನ ನೋಡಿದ್ದೀರಲ್ಲ. ಕಣ್ಣಾರೆ ನೋಡಿದ್ದಷ್ಟನ್ನೇ ಹೇಳಿ."

ಅವರು ಮತ್ತೆ ಕೂತರು. "ಅವರ ಬೆರಳು ಮಡಚ್ತಾ ಇರಲಿಲ್ಲ. ಲೋಟನ ಎರಡೂ ಅಂಗೈ ನಡುವೆ ಒತ್ತಿ ಹಿಡ್ಕೊಂಡು ನೀರು ಕುಡೀತಿದ್ರು. ಅಂಗೈ ತುಂಬಾ ಅಡ್ಡಡ್ಡ ಸುಟ್ಟ ಗೆರೆ. ಬೆಂಕಿ ಬಿದ್ದ ದಿನ ಕಾದ ಗೇಟಿನ ಸರಳು ಹಿಡಿದು ಸುಟ್ಟಿದ್ದು ಅಂತ ಅಜ್ಜಿ ಹೇಳ್ತಿದ್ರು. ಚಿಕ್ಕವನಿದ್ದಾಗ ನಾನು ಆ ಗೆರೆ ಮೇಲೆ ಬೆರಳಾಡಿಸ್ತಿದ್ದೆ."

"ಇದನ್ನ ಎಲ್ಲೂ ಬರೆದೇ ಇಲ್ವಲ್ಲ?"

"ಇದೇನು ಇತಿಹಾಸವಾ? ಮನೆ ಮಾತು."

ಮಗಳು ಮೊಬೈಲಿನಲ್ಲಿ ರೆಕಾರ್ಡಿಂಗ್ ಒತ್ತಿ, ಮೊದಲಿನಿಂದ ಹೇಳಿಸಿದಳು. ಆಗ ನಿಮಗೆಷ್ಟು ವಯಸ್ಸು, ಆ ಕೈಯನ್ನು ಇನ್ನು ಯಾರು ನೋಡಿದ್ದರು ಎಂದು ಪೊಲೀಸರಿಗಿಂತ ಕಡೆಯಾಗಿ ಪ್ರಶ್ನೆ ಹಾಕಿದಳು. ನೋಡಿದ್ದನ್ನೂ ಕೇಳಿದ್ದನ್ನೂ ಬೇರೆ ಬೇರೆ ಬರೆದುಕೊಂಡಳು. ಸಂಜೆ ಭಾವ ತಾವಾಗಿಯೇ ಮೂರು ಪುಟ ಅಳಿಸಿದರು. ಉಳಿದ ಒಂದರಿಂದ ನೂರಾರು ಜನರನ್ನು ತೆಗೆದು, ಕೆಳಗೆ ತಮ್ಮ ಹೆಸರು ಹಾಕಿದರು. ಅವರ ಬಗ್ಗೆ ಹೆಮ್ಮೆಯಾಯಿತು.

ಪ್ರಬಂಧದ ಕೊನೆಯಲ್ಲಿ ಮಗಳು ಬರೆದಿದ್ದಳು: "ಕಾವಲುಗಾರ ಯಾರನ್ನಾದರೂ ಉಳಿಸಿದನೇ ಎಂಬುದಕ್ಕೆ ಆಧಾರ ಸಿಕ್ಕಿಲ್ಲ. ಆದರೆ ಮಲಗಿದ್ದವನ ಎರಡೂ ಅಂಗೈಗಳ ಮೇಲೆ ಸರಳಿನ ಗುರುತು ಹೇಗೆ ಬಂತು ಎಂಬುದಕ್ಕೆ, ಕುಡಿದಿದ್ದ ಎನ್ನುವವರು ಉತ್ತರ ಹೇಳಬೇಕು."

ಭಾವ ಆ ಸಾಲನ್ನು ಎರಡು ಸಲ ಓದಿದರು.

"ಇಷ್ಟು ಸಾಕು ಕಣಮ್ಮ," ಎಂದು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.