ನಾದಿನಿಯ ಹೆಸರಿನ ಚೀಟಿ

"ಉದ್ಯೋಗ?"

ಕಿಟಕಿಯಾಚೆ ಕೂತಿದ್ದ ಹುಡುಗಿ ತಲೆಯೆತ್ತದೆ ಕೇಳಿದಳು. ದೊಡ್ಡ ಸಿಸ್ಟರ್ ತಡವರಿಸಲಿಲ್ಲ.

"ಮನೇಲೇ ಇರ್ತೀನಿ."

ಹೆಸರು ಕೇಳಿದಾಗಲೂ ತಡವರಿಸಿರಲಿಲ್ಲ. ಬಸ್ಸಿನಲ್ಲಿ ಮುಕ್ಕಾಲು ಗಂಟೆ ಬಾಯಿಪಾಠ ಮಾಡಿಕೊಂಡು ಬಂದಿದ್ದ ನಾದಿನಿಯ ಹೆಸರನ್ನು ಗಟ್ಟಿಯಾಗಿಯೇ ಹೇಳಿದ್ದಳು. ನಾದಿನಿಗೆ ಗೊತ್ತಾದರೆ ಊರೇ ಒಂದು ಮಾಡುತ್ತಿದ್ದಳು. ಆಕೆಯಿಂದ ಮನೆಮಂದಿಯ ತಲೆ ಕೆಟ್ಟದ್ದುಂಟೇ ಹೊರತು ಆಕೆಯದ್ದು ಒಂದು ದಿನವೂ ಕೆಟ್ಟದ್ದಿಲ್ಲ. ಈಗ ಅವಳ ಹೆಸರಿನಲ್ಲಿ ಮನೋರೋಗ ವಿಭಾಗದ ಒಂದು ಕಾರ್ಡು ತಯಾರಾಯಿತು. ಟೋಕನ್ ಹದಿನೇಳು.

ಮನೋವೈದ್ಯರು ಅವಳು ಹೆಡ್ ನರ್ಸ್ ಆಗಿದ್ದ ಆಸ್ಪತ್ರೆಯಲ್ಲಿ ಇರಲಿಲ್ಲ ಎಂದಲ್ಲ. ಅವಳ ಐಸಿಯುವಿನ ನೆತ್ತಿಯ ಮೇಲೇ, ಎರಡನೇ ಮಹಡಿಯಲ್ಲಿ ಅವರ ಕೋಣೆಯಿತ್ತು. ಲಿಫ್ಟಿನೊಳಗೆ ಮೂರು ವರ್ಷಗಳಿಂದ ಒಂದು ಭಿತ್ತಿಪತ್ರವೂ ಇತ್ತು: 'ಸಿಬ್ಬಂದಿಯೇ, ನಿಮ್ಮ ಮನಸ್ಸಿನ ಮಾತು ಹೇಳಿಕೊಳ್ಳಿ, ನಾವಿದ್ದೇವೆ.' ಇದ್ದದ್ದೇನೋ ನಿಜ. ಆದರೆ ಸಿಬ್ಬಂದಿಯ ಕಾರ್ಡು ಸೂಪರಿಂಟೆಂಡೆಂಟರ ಸಹಿಯಾಗದೆ ಮೇಲಕ್ಕೆ ಹೋಗುವಂತಿರಲಿಲ್ಲ. ಬೆಳಿಗ್ಗೆ ಸಹಿಗೆ ಹೋದದ್ದು ಮಧ್ಯಾಹ್ನ ಕ್ಯಾಂಟೀನಿನ ಮೇಜುಗಳ ಮೇಲೆ ಬಂದು ಕೂರುತ್ತಿತ್ತು. ಆ ಭಿತ್ತಿಪತ್ರವನ್ನು ಇಷ್ಟು ವರ್ಷಗಳಲ್ಲಿ ನಂಬಿದವಳು ಒಬ್ಬಳೇ, ಚಿಕ್ಕ ಸಿಸ್ಟರ್. ಈಗ ಅವಳು ನೆಲಮಾಳಿಗೆಯ ಲಿನನ್ ರೂಮಿನಲ್ಲಿ ಬೆಡ್‌ಶೀಟು ಮಡಚುತ್ತಾಳೆ.

ಅವಳನ್ನು ಅಲ್ಲಿಗೆ ಕಳಿಸಿದ್ದು ದೊಡ್ಡ ಸಿಸ್ಟರೇ. ಹೋದ ವರ್ಷ ಆ ಹುಡುಗಿ ಖಾಲಿ ಸಿರಿಂಜು ಹಿಡಿದುಕೊಂಡು ಓಡಿಬಂದು, "ಸಿಸ್ಟರ್, ಈ ಇಂಜೆಕ್ಷನ್ ಕೊಟ್ನೋ ಇಲ್ವೋ ನನಗೇ ಗೊತ್ತಾಗ್ತಿಲ್ಲ. ತಲೆ ಓಡ್ತಾನೇ ಇಲ್ಲ" ಎಂದು ಅತ್ತಿದ್ದಳು. ಆ ವಾರ ಅವಳ ಕಣ್ಣೆದುರೇ ಐದು ಜನ ಸತ್ತಿದ್ದರು. ದೊಡ್ಡ ಸಿಸ್ಟರ್ ಅವಳ ಬೆನ್ನು ಸವರಿ, ನೀರು ಕುಡಿಸಿ, ಮನೆಗೆ ಕಳಿಸಿ, ಆಮೇಲೆ ಕೂತು ಮುದ್ದಾದ ಅಕ್ಷರದಲ್ಲಿ ಬರೆದಿದ್ದಳು: 'ಔಷಧಿಯ ಹೊಣೆ ವಹಿಸುವಂತಿಲ್ಲ.'

ಹತ್ತು ದಿನದ ಹಿಂದೆ ಆರನೇ ಹಾಸಿಗೆಯ ಮುಂದೆ ದೊಡ್ಡ ಸಿಸ್ಟರ್ ಕೂಡ ಅದೇ ರೀತಿ ಖಾಲಿ ಸಿರಿಂಜು ಹಿಡಿದು ನಿಂತಿದ್ದಳು. ಹೊಟ್ಟೆಯ ಆಪರೇಷನ್ ಆದ ಮುದುಕ. ನೋವಿನ ಇಂಜೆಕ್ಷನ್. ಕೊಟ್ಟಳೋ, ನೆಲಕ್ಕೆ ಚಿಮ್ಮಿಸಿದಳೋ, ಏನು ಮಾಡಿದರೂ ನೆನಪಾಗಲಿಲ್ಲ. ಅವಳು ಯಾರ ಬಳಿಯೂ ಓಡಲಿಲ್ಲ. ಔಷಧಿ ಪಟ್ಟಿಯ ಕಾಲಂನಲ್ಲಿ 'ಕೊಟ್ಟಿದೆ' ಎಂದು ಬರೆದು ಸಹಿ ಹಾಕಿದಳು. ಮುದುಕ ಸಂಜೆಯವರೆಗೆ ನರಳಿದ. "ಮಗ್ಗುಲು ಬದಲಾಯಿಸಿ, ಸರಿ ಹೋಗುತ್ತೆ" ಎಂದು ಆಯಾಗೆ ಹೇಳಿದ್ದಳು. ಆ ನರಳಿಕೆ ಈಗ ಮನೆಯ ಫ್ರಿಜ್ಜಿನೊಳಗಿಂದಲೂ ಕೇಳುತ್ತಿತ್ತು.

ಹದಿನೇಳನ್ನು ಕರೆದರು.

ಡಾಕ್ಟರು ಅವಳಿಗಿಂತ ಹತ್ತು ವರ್ಷ ಚಿಕ್ಕವನು. ಕಣ್ಣ ಕೆಳಗೆ ಕಪ್ಪು. "ಹೇಳಿ ಅಮ್ಮಾ, ಏನು ತೊಂದರೆ?"

ದೊಡ್ಡ ಸಿಸ್ಟರ್ ಬೆನ್ನು ನೆಟ್ಟಗೆ ಮಾಡಿದಳು. "ನಲವತ್ತಾರು ವರ್ಷದ ಹೆಂಗಸು. ನಾಲ್ಕು ತಿಂಗಳಿಂದ ನಿದ್ರೆ ಎರಡರಿಂದ ಮೂರು ಗಂಟೆ. ಊಟ ಅರ್ಧಕ್ಕರ್ಧ ಕಮ್ಮಿ, ತೂಕ ಆರು ಕೇಜಿ ಇಳಿದಿದೆ. ಕೈ ನಡುಕ ಇದೆ. ಜ್ವರ ಇಲ್ಲ. ಬಿಪಿ, ಶುಗರ್ ಇಲ್ಲ."

"ಯಾರ ಬಗ್ಗೆ ಹೇಳ್ತಿದ್ದೀರಿ?"

ಅವಳು ಗೋಡೆಯ ಗಡಿಯಾರ ನೋಡಿದಳು. "ನನ್ನ ಬಗ್ಗೆನೇ."

"ಎಷ್ಟು ವರ್ಷ ಆಯ್ತು ಸರ್ವಿಸು?"

"ಮನೇಲಿರ್ತೀನಿ ಅಂತ ಬರೆಸಿದೀನಲ್ಲ."

"ಮನೇಲಿರೋರು ಊಟ ಸೇರಲ್ಲ ಡಾಕ್ಟ್ರೇ ಅಂತಾರೆ. ನೀವು ಡ್ಯೂಟಿ ಮುಗಿಸಿ ಮುಂದಿನವರಿಗೆ ಪೇಷೆಂಟ್ ಒಪ್ಪಿಸಿದ ಹಾಗೆ ಹೇಳ್ತಿದ್ದೀರಿ." ಅವನು ನಕ್ಕ. ನಗುವಿನಲ್ಲಿ ಸಂತೋಷವೇನೂ ಇರಲಿಲ್ಲ. "ಹೆದರ್ಬೇಡಿ. ಹೋದ ವರ್ಷ ನಾನೂ ಬೇರೆ ಊರಿಗೆ ಹೋಗಿ, ಬೇರೆ ಹೆಸರಲ್ಲೇ ತೋರಿಸ್ಕೊಂಡು ಬಂದೆ."

ಆ ಒಂದು ಮಾತಿಗೆ ಆರನೇ ಹಾಸಿಗೆಯ ಮಾತು ನಾಲಿಗೆಯ ತುದಿಗೆ ಬಂತು. ಅವಳು ನುಂಗಿಕೊಂಡಳು. ಅವನು ಮಾತ್ರೆ ಬರೆದು ಚೀಟಿಯನ್ನು ಕೈಗಿಡುತ್ತ ಹೇಳಿದ, "ನಿಮಗೆ ಮಾತ್ರೆಗಿಂತ ಮೊದಲು ಒಂದು ತಿಂಗಳು ರಜ ಬೇಕು. ಆದರೆ ಈ ಹೆಸರಿಗೆ ನಾನು ರಜದ ಪತ್ರ ಕೊಡೋಕಾಗಲ್ಲ. ಮುಂದಿನ ಸಲ ನೀವೇ ಬನ್ನಿ."

ಬಾಗಿಲು ತೆರೆದು ಹೊರಬಂದರೆ ಎದುರು ಬೆಂಚಿನಲ್ಲಿ ಹದಿನೆಂಟನೇ ಟೋಕನ್ನು ಕೂತಿತ್ತು. ಚಿಕ್ಕ ಸಿಸ್ಟರ್. ನೋಡಿದವಳೇ ಧಡಕ್ಕನೆ ಎದ್ದು ನಿಂತಳು. ರೌಂಡ್ಸಿಗೆ ಬಂದಾಗ ಏಳುವ ಹಳೆಯ ಅಭ್ಯಾಸ.

ದೊಡ್ಡ ಸಿಸ್ಟರ್ ಬೆಂಚಿನ ಮೇಲೆ ಚೀಲವಿಟ್ಟು, ಏನನ್ನೋ ಹುಡುಕುವವಳಂತೆ ಒಳಗೆ ಕೈಹಾಕಿದಳು. "ನಾದಿನಿಗೋಸ್ಕರ ಬಂದಿದ್ದೆ ಕಣೇ. ಅವಳಿಗೆ ಸ್ವಲ್ಪ ಹುಷಾರಿಲ್ಲ."

ಹುಡುಗಿ ಚೀಟಿ ನೋಡಿದಳು, ಅದನ್ನು ಹಿಡಿದಿದ್ದ ಬೆರಳುಗಳನ್ನು ನೋಡಿದಳು. "ಹೌದಾ ಸಿಸ್ಟರ್? ಈ ಮಾತ್ರೆ ನನಗೂ ಕೊಟ್ಟಿದ್ರು. ಮೊದಲನೇ ವಾರ ಬಾಯಿ ತುಂಬಾ ಒಣಗುತ್ತೆ. ಆದರೂ ನಡುವೆ ಬಿಡಬೇಡಿ ಅಂತ ಹೇಳಿ, ನಿಮ್ಮ ನಾದಿನಿಗೆ."

"ಹೇಳ್ತೀನಿ, ಹೇಳ್ತೀನಿ."

"ಡಾಕ್ಟ್ರು ಹೋದ ಸಲಾನೇ ನಂದು ಪೂರ್ತಿ ವಾಸಿಯಾಗಿದೆ ಅಂತ ಪತ್ರ ಕೊಟ್ಟಿದ್ದಾರೆ ಸಿಸ್ಟರ್. ಸೋಮವಾರ ಫೈಲು ನಿಮ್ಮ ಹತ್ರ ಬರುತ್ತೆ." ಅವಳ ದನಿ ಕುಗ್ಗಿತು. "ಕೆಳಗೆ ಕಿಟಕಿನೂ ಇಲ್ಲ. ಒಬ್ಬ ಮನುಷ್ಯನ ನಾಡಿ ಹಿಡಿದು ಹನ್ನೊಂದು ತಿಂಗಳಾಯ್ತು."

"ನೋಡೋಣ," ಎಂದಳು ದೊಡ್ಡ ಸಿಸ್ಟರ್, ಮತ್ತು ಬಸ್ಸು ತಪ್ಪುವವಳಂತೆ ಹೊರಟಳು. ನಾಲ್ಕು ನಿಲ್ದಾಣ ದಾಟಿದ ಮೇಲೆ ಚೀಲ ತಡಕಿದರೆ ಚೀಟಿ ಇರಲಿಲ್ಲ. ಬೆಂಚಿನ ಮೇಲೇ ಬಿಟ್ಟು ಬಂದಿದ್ದಳು. ಇಳಿದು ಹಿಂದಿರುಗುವ ಧೈರ್ಯವಾಗಲಿಲ್ಲ.

ಸೋಮವಾರ ಹತ್ತೂವರೆಗೆ ಫೈಲು ಬಂತು. ಡಾಕ್ಟರ ಪತ್ರ ಮೇಲಿತ್ತು. ವಾಸಿಯಾಗಿದೆ, ಹಿಂದಿನ ಕೆಲಸಕ್ಕೆ ಯೋಗ್ಯಳು. ಅದರ ಕೆಳಗೆ 'ವಾರ್ಡಿನ ಮೇಲ್ವಿಚಾರಕರ ಅಭಿಪ್ರಾಯ' ಎಂಬ ಖಾಲಿ ಚೌಕ. ಜವಾನ ಬಾಗಿಲಲ್ಲಿ ನಿಂತು ಕಾಯುತ್ತಿದ್ದ.

ದೊಡ್ಡ ಸಿಸ್ಟರ್ ಕೆಟ್ಟವಳೇನಲ್ಲ. ಇಪ್ಪತ್ತಮೂರು ವರ್ಷ ಪರರ ಮಲಮೂತ್ರ ಬಳಿದವಳನ್ನು ಯಾರೂ ಹಾಗೆನ್ನಲಾಗದು. 'ಯೋಗ್ಯಳು' ಎಂದು ಬರೆಯಲೆಂದೇ ಅವಳು ಪೆನ್ನು ತೆಗೆದಳು. ಆಗ ನಾಳೆಯ ಬೆಳಗು ಕಣ್ಣಿಗೆ ಕಟ್ಟಿತು. ಪಾಳಿ ಬದಲಾಗುವ ಹೊತ್ತು, ಎಲ್ಲರೂ ಸುತ್ತ ನಿಂತಿದ್ದಾರೆ, ಅವರ ನಡುವೆ ಈ ಹುಡುಗಿಯ ಎರಡು ಕಣ್ಣು ತನ್ನ ಬೆರಳುಗಳ ಮೇಲೆ. ದಿನಾ. ಒಂದು ದಿನ ಯಾರ ಕಿವಿಯಲ್ಲೋ ಅವಳು ಒಂದೇ ಒಂದು ಮಾತು ಹಾಕಿದರೆ ಸಾಕು. ಚೀಟಿ ಬೇರೆ ಅವಳ ಕೈಗೇ ಸಿಕ್ಕಿದ್ದರೆ? ಲಿನನ್ ರೂಮಿನಲ್ಲಿ ಇನ್ನೊಬ್ಬಳಿಗೆ ಧಾರಾಳವಾಗಿ ಜಾಗವಿತ್ತು.

ವಿಚಿತ್ರವೆಂದರೆ ಬರೆಯುವಾಗ ಅವಳ ಕೈ ಸ್ವಲ್ಪವೂ ನಡುಗಲಿಲ್ಲ. 'ಇನ್ನೂ ಒಂದು ವರ್ಷ ಈಗಿನ ಜಾಗದಲ್ಲೇ ಮುಂದುವರಿಸುವುದು ಸೂಕ್ತ. ಎಣಿಕೆ, ಔಷಧಿ, ದಾಖಲೆ ಯಾವುದರಲ್ಲೂ ಇವರನ್ನು ನಂಬುವಂತಿಲ್ಲ.' ಸಹಿ, ತಾರೀಕು. ಜವಾನ ಫೈಲನ್ನು ಕಂಕುಳಲ್ಲಿಟ್ಟುಕೊಂಡು ಲಿಫ್ಟಿನ ಕಡೆ ಹೋದ. ಲಿಫ್ಟು ಎಂದಿನಂತೆ ಯಾವುದೋ ಮಹಡಿಯಲ್ಲಿ ಸಿಕ್ಕಿಕೊಂಡಿತ್ತು. ಅವನು ಗುಂಡಿ ಒತ್ತಿ ಗೋಡೆಗೊರಗಿದ.

ಅಷ್ಟರಲ್ಲಿ ಆಯಾ ಲಿನನ್ ಗಾಡಿ ತಳ್ಳಿಕೊಂಡು ಬಂದಳು. "ಸಿಸ್ಟರ್, ಮೇಲಿನ ದಿಂಬಿನ ಕವರು ನಿಮ್ಮ ಕೈಗೇ ಕೊಡಬೇಕಂತೆ. ಕೆಳಗಿನ ಸಿಸ್ಟರ್ ಹೇಳಿ ಕಳಿಸಿದ್ರು."

ಮಡಿಕೆಯ ನಾಲ್ಕೂ ಮೂಲೆ ಸಮವಾಗಿದ್ದವು. ತಾನೇ ಕಲಿಸಿದ ಮಡಿಕೆ. ಬಿಚ್ಚಿದರೆ ಒಳಗೆ ಚೀಟಿ, ಅದರೊಂದಿಗೆ ಹದಿನೈದು ದಿನಕ್ಕಾಗುವ ಮಾತ್ರೆ. ಮಾತ್ರೆ ಪಟ್ಟಿಯ ಬೆನ್ನಿಗೆ ಅಂಟಿಸಿದ ಬಿಳಿ ಟೇಪಿನ ಮೇಲೆ ದುಂಡನೆಯ ಅಕ್ಷರ: 'ರಾತ್ರಿ ಊಟದ ನಂತರ ಒಂದು. ಮೆಡಿಕಲ್ ಅಂಗಡಿಯವರೆಲ್ಲ ನಿಮಗೆ ಪರಿಚಯದವರು ಅಂತ ನಾನೇ ತಂದೆ. ನಾದಿನಿ ಬೇಗ ಹುಷಾರಾಗಲಿ.'

ಅವಳು ತಲೆಯೆತ್ತಿದಳು. ಕಾರಿಡಾರಿನ ಕೊನೆಯಲ್ಲಿ ಜವಾನ ಇನ್ನೂ ನಿಂತಿದ್ದ. ಇಪ್ಪತ್ತು ಹೆಜ್ಜೆ. ಕೂಗಿದರೆ ಕೇಳುತ್ತಿತ್ತು. ಅವಳು ಬಾಯಿ ತೆರೆದಳು, ಬಾಯಿ ಆಗಲೇ ಒಣಗಿತ್ತು.

"ಶೀಟು ನಲವತ್ತಿವೆಯಂತೆ," ಎಂದಳು ಆಯಾ, ರಿಜಿಸ್ಟರು ಚಾಚಿ. "ಎಣಿಸ್ಕೊಂಡು ಸಹಿ ಹಾಕ್ತೀರಾ?"

ಲಿಫ್ಟಿನ ಬಾಗಿಲು ತೆರೆದುಕೊಂಡಿತು. ಜವಾನ ಒಳಗೆ ಹೋಗಿ, ಭಿತ್ತಿಪತ್ರಕ್ಕೆ ಬೆನ್ನು ಕೊಟ್ಟು ನಿಂತ.

"ಎಣಿಸೋದೇನೂ ಬೇಡ," ಎಂದಳು ದೊಡ್ಡ ಸಿಸ್ಟರ್, ಮಾತ್ರೆಯನ್ನು ಜೇಬಿಗಿಳಿಸುತ್ತ. "ಅವಳು ಕಳಿಸಿದ್ದು ಅಂದ್ಮೇಲೆ ಸರಿಯಾಗೇ ಇರುತ್ತೆ."

ಪೆನ್ನಿನ ಮುಚ್ಚಳ ತೆಗೆದು ಸಹಿ ಹಾಕಿದಳು.