ಆಂಟೆನಾ ಹೇಳಿದ ಸುಳ್ಳು

ನಮ್ಮ ಗುಂಪಿನಲ್ಲಿ ಯಾರೋ ಸುಳ್ಳು ಹೇಳುತ್ತಿದ್ದಾರೆ ಎಂದು ನನಗೆ ಮೊದಲು ತಿಳಿಸಿದ್ದು ಒಂದು ವಿಮಾನ. ನೆಟ್ಟಗೆ ಹೋಗಬೇಕಾದದ್ದು ನಕ್ಷೆಯ ಮೇಲೆ ಕುಡಿದವನ ಹಾಗೆ ಓಲಾಡಿಕೊಂಡು ಹೋಯಿತು.

ನನ್ನದು ಕನ್ನಡಕದ ಅಂಗಡಿ. ಹುಚ್ಚು ಮಾತ್ರ ರೇಡಿಯೊದ್ದು. ಹೆಬ್ಬೆರಳಿನಷ್ಟು ರಿಸೀವರನ್ನು ಕಂಪ್ಯೂಟರಿಗೆ ಚುಚ್ಚಿ, ಕಿಟಕಿಗೊಂದು ಆಂಟೆನಾ ಕಟ್ಟಿದರೆ ಮಿಕ್ಕದ್ದೆಲ್ಲ ಸಾಫ್ಟ್‌ವೇರಿನ ಕೆಲಸ. ಆ ಸಾಫ್ಟ್‌ವೇರ್ ಯಾರಪ್ಪನ ಸ್ವತ್ತೂ ಅಲ್ಲ, ಯಾರು ಬೇಕಾದರೂ ಬಿಚ್ಚಿ ನೋಡಬಹುದು, ತಿದ್ದಬಹುದು. ಊರಿನ ನಾವೊಂದಿಷ್ಟು ಜನ ಸೇರಿ ವಿಮಾನಗಳ ಸಂಕೇತ ಹಿಡಿಯುತ್ತೇವೆ. ಒಂದೇ ಸಂಕೇತ ಯಾರ ಆಂಟೆನಾಕ್ಕೆ ಎಷ್ಟು ತಡವಾಗಿ ಮುಟ್ಟಿತು ಎಂದು ಹೋಲಿಸಿದರೆ ವಿಮಾನ ಎಲ್ಲಿದೆ ಎಂದು ಗೊತ್ತಾಗುತ್ತದೆ. ಷರತ್ತು ಒಂದೇ, ಅವರವರ ಆಂಟೆನಾ ಎಲ್ಲಿದೆ ಎಂದು ಅವರವರು ನಿಜ ಹೇಳಬೇಕು.

ಒಂದೊಂದೇ ರಿಸೀವರನ್ನು ಬಿಟ್ಟು ಲೆಕ್ಕ ಹಾಕುತ್ತಾ ಬಂದೆ. ಒಂದನ್ನು ಬಿಟ್ಟಾಗ ವಿಮಾನ ನೆಟ್ಟಗಾಯಿತು. ಅದು ನನ್ನ ತಂಗಿಯ ಗಂಡನದು.

ಫರ್ನಿಚರ್ ಮಾರುವ ಮನುಷ್ಯ, ಬೆಣ್ಣೆಯಲ್ಲಿ ಕೂದಲು ತೆಗೆದಂಥ ಮಾತು. ಫೋನ್ ಮಾಡಿ, "ನಿಮ್ಮ ಆಂಟೆನಾ ಮನೇಲೇ ಇದೆ ತಾನೇ?" ಎಂದೆ.

"ಇನ್ನೆಲ್ಲಿಗೆ ಹೋಗುತ್ತೆ ಅಕ್ಕಾ?" ಎಂದು ನಕ್ಕ. ಆಮೇಲೆ ದನಿ ತಗ್ಗಿಸಿ, "ಯಾಕೆ, ಅದು ಈಗ ಆನ್ ಆಗಿದ್ಯಾ?" ಎಂದ.

ತನ್ನ ಮನೆಯ ರಿಸೀವರ್ ಆನ್ ಆಗಿದೆಯೋ ಇಲ್ಲವೋ ಇವನಿಗೇ ಗೊತ್ತಿಲ್ಲವೇ? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ತಂಗಿಗೆ ಫೋನ್ ಮಾಡಿದರೆ, "ಚೆನ್ನಾಗಿದೀವಿ ಅಕ್ಕ, ಒಲೆ ಮೇಲೆ ಹಾಲಿಟ್ಟಿದೀನಿ" ಎಂದು ಇಟ್ಟೇಬಿಟ್ಟಳು. ಆಂಟೆನಾ ಬೇರೆಲ್ಲೋ ಇದೆ ಅಂದರೆ ಗಂಡ ಇನ್ನೊಂದು ಮನೆ ಮಾಡಿಕೊಂಡಿದ್ದಾನೆ, ಈ ಪೆದ್ದಿಗೆ ಅದರ ಗಾಳಿಯೂ ಸೋಕಿಲ್ಲ ಎಂದು ನನ್ನ ಹೊಟ್ಟೆ ಉರಿಯಿತು. ಅವಳ ಬಾಳು ನೆಟ್ಟಗಾಗಬೇಕಾದರೆ ಅವನನ್ನು ನಾನೇ ಹಿಡಿಯಬೇಕು.

ತಾವಿರುವ ಜಾಗವನ್ನು ತಾವೇ ಹೇಳಿಕೊಂಡು ಹಾರುವ ವಿಮಾನಗಳು ಬೇಕಾದಷ್ಟಿವೆ. ಅವುಗಳಿಂದ ಲೆಕ್ಕವನ್ನು ತಿರುಗಿಸಿ ಹಾಕಿದರೆ ಆಂಟೆನಾದ ಜಾಗ ಸಿಗುತ್ತದೆ. ಸಿಕ್ಕಿತು. ಊರಿನ ಇನ್ನೊಂದು ತುದಿ, ಗೋದಾಮುಗಳ ಬೀದಿ, ಮೂಲೆಯ ಕಟ್ಟಡ. ನಮ್ಮ ಗುಂಪಿನಲ್ಲಿ ಮುಚ್ಚುಮರೆ ಎಂಬುದಿಲ್ಲ. ಲೆಕ್ಕ, ನಕ್ಷೆ, ಕಟ್ಟಡದ ಗುರುತು ಎಲ್ಲವನ್ನೂ ಗುಂಪಿನ ಪುಟಕ್ಕೆ ಹಾಕಿ, "ಸುಳ್ಳು ಹೇಳಿದವರು ಓದಿಕೊಳ್ಳಲಿ" ಎಂದು ಮೇಲೊಂದು ಸಾಲು ಬರೆದೆ. ಅವನ ಮಾನ ಹೋದರೆ ಹೋಗಲಿ ಎಂದುಕೊಂಡು ಅಂಗಡಿಗೆ ಬೀಗ ಹಾಕಿ ಹೊರಟೆ.

ಮೇಲಿನ ಮಹಡಿಯ ಕಿಟಕಿಯಲ್ಲಿ ಆಂಟೆನಾ ಕಾಣಿಸಿತು. ಹತ್ತಿ ಹೋಗಿ ಬಾಗಿಲು ಬಡಿದೆ. ಒಳಗೆ ಪಾತ್ರೆಯ ಸದ್ದು ತಟ್ಟನೆ ನಿಂತಿತು.

"ತೆಗಿಯಮ್ಮಾ ತಾಯಿ! ನೀನ್ಯಾರು ಅಂತ ನೋಡ್ಕೊಂಡೇ ಹೋಗೋಳು ನಾನು!"

ಚಿಲಕ ಸರಿಯಿತು. ನಿಂತಿದ್ದವಳು ನನ್ನ ತಂಗಿ.

ಒಂದು ಮಂಚ, ಒಂದು ಒಲೆ, ಮೇಜಿನ ಮೇಲೆ ಸೋಲ್ಡರಿಂಗ್ ಐರನ್, ಅರ್ಧ ಕಟ್ಟಿದ ಇನ್ನೊಂದು ಆಂಟೆನಾ. ಅವನದೆಂದು ನಾನು ಹೊಗಳುತ್ತಿದ್ದ ಕೆಲಸವೆಲ್ಲ ಇವಳದು. ಮಣಿಕಟ್ಟಿನ ಮೇಲೆ ಪೆಟ್ಟಿನ ಕಲೆ ಹಳದಿಗೆ ತಿರುಗಿತ್ತು.

"ನಂಗ್ಯಾಕೆ ಹೇಳ್ಲಿಲ್ವೇ?"

"ಹೇಳಿದ್ರೆ ಹೊಂದ್ಕೊಂಡು ಹೋಗು ಅಂತ ನೀನೇ ವಾಪಸ್ ಬಿಟ್ಟು ಬರ್ತಿದ್ದೆ. ಹೋದ ಸಲ ಅದೇ ತಾನೇ ಮಾಡಿದ್ದು?"

ಅದನ್ನೇ ಮಾಡಿದ್ದೆ. ಅವನ ಮಾತು ಅಷ್ಟು ಸಿಹಿಯಾಗಿತ್ತು.

"ಹಾಗಿದ್ಮೇಲೆ ಇದನ್ನ್ಯಾಕೆ ಆನ್ ಇಟ್ಕೊಂಡೆ?"

"ಆ ಮನೇಲಿ ನಂದು ಅಂತ ಇದ್ದಿದ್ದು ಇದೊಂದೇ. ಜಾಗ ಹಳೇದನ್ನೇ ಬಿಟ್ಟಿದ್ದೆ, ಯಾರಿಗೂ ಗೊತ್ತಾಗಲ್ಲ ಅನ್ಕೊಂಡೆ." ನನ್ನ ಮುಖವನ್ನೇ ನೋಡಿದಳು. "ನಿಂಗೆ ಹೇಗೆ ಗೊತ್ತಾಯ್ತು?"

"ಲೆಕ್ಕ ಹಾಕಿದೆ."

"ಯಾರಿಗೂ ತೋರಿಸಿಲ್ಲ ತಾನೇ?"

ಅಳಿಸಿಬಿಡೋಣ ಎಂದು ಫೋನಿನಲ್ಲಿ ಗುಂಪಿನ ಪುಟ ತೆರೆದೆ. ನನ್ನ ನಕ್ಷೆಯ ಕೆಳಗೆ ಅವನು ಆಗಲೇ ಬರೆದಿದ್ದ: "ಥ್ಯಾಂಕ್ಸ್ ಅಕ್ಕಾ."

"ಚಪ್ಪಲಿ ಹಾಕ್ಕೋ, ನಡಿ, ಬೇಗ" ಎಂದೆ.

"ಎಲ್ಲಿಗೆ?" ಎಂದಳು ತಂಗಿ, ಚಿಲಕದ ಮೇಲಿನ ಕೈ ತೆಗೆಯದೆ.